ಬಾಗಿಲು ಬಡಿದು ವರ್ಷ ಹೇಳುವವರು

ನನ್ನ ಗಂಡನಿಗೆ ನಮ್ಮ ಬೀದಿಯವರು ಇಟ್ಟ ಅಡ್ಡಹೆಸರು ಗಾಡಿ ಜೋಯಿಸರು. ನಿಜವಾದ ಜೋಯಿಸರು ಹುಟ್ಟಿದ ಗಳಿಗೆ ಕೇಳಿಕೊಂಡು ಮುಂದಾಗುವುದನ್ನು ಹೇಳುತ್ತಾರೆ. ಇವರದು ಉಲ್ಟಾ. ಎದುರಿಗೆ ನಿಂತ ಪಿಕಪ್ ಗಾಡಿಯ ಬಾಗಿಲು ಬಡಿದು, ಅದು ಯಾವ ವರ್ಷ ಹುಟ್ಟಿದ್ದು ಅಂತ ಹೇಳುತ್ತಿದ್ದರು. ಡ್ರೈವರ್ ಬದಿಯ ಬಾಗಿಲನ್ನು ಪೂರ್ತಿ ತೆರೆಯುವುದು, ಕಣ್ಣು ಮುಚ್ಚುವುದು, ಧಡಾರ್ ಎಂದು ಬಡಿಯುವುದು, ಸ್ವಲ್ಪ ಹೊತ್ತು ಸುಮ್ಮನಿದ್ದು "ಹನ್ನೆರಡು" ಅನ್ನುವುದು. ಕಾಗದ ತೆಗೆದು ನೋಡಿದರೆ ಹನ್ನೆರಡೇ ಇರುತ್ತಿತ್ತು. ಆ ಕಣ್ಣು ಮುಚ್ಚುವುದು ಮಾತ್ರ ಶುದ್ಧ ನಾಟಕ. ಮದುವೆಯಾದ ಹೊಸದರಲ್ಲಿ ಕಣ್ಣು ಬಿಟ್ಟುಕೊಂಡೇ ಹೇಳುತ್ತಿದ್ದರು; ನೋಡಲು ಜನ ಸೇರತೊಡಗಿದ ಮೇಲೆ ಈ ಚಾಳಿ ಶುರುವಾಯಿತು. "ಅಡುಗೆಮನೆ ಡಬ್ಬಿ ಮುಚ್ಚಳ ಬಡಿದು ಸಕ್ಕರೆ ಎಷ್ಟಿದೆ ಹೇಳಿ ನೋಡೋಣ" ಅಂತ ನಾನು ಎಷ್ಟೋ ಸಲ ಛೇಡಿಸಿದ್ದೇನೆ. ಅವರು ನಕ್ಕುಬಿಡುತ್ತಿದ್ದರು.

ನಮ್ಮದು ಹಳೇ ಗಾಡಿಗಳ ಬಿಡಿಭಾಗದ ಅಂಗಡಿ. ಅಪಘಾತವಾದ, ಕೆಟ್ಟು ನಿಂತ ಪಿಕಪ್‌ಗಳನ್ನು ಇಡಿಯಾಗಿ ತಂದು, ಹಿಂದಿನ ಅಂಗಳದಲ್ಲಿ ಬಿಚ್ಚಿ, ಬಾಗಿಲು ಬೇರೆ, ಬಾನೆಟ್ ಬೇರೆ, ದೀಪ ಬೇರೆ ಮಾಡಿ ಮಾರುವುದು. ತಗಡಿನ ಶೆಡ್ಡಿನ ಒಂದು ಗೋಡೆಯ ಉದ್ದಕ್ಕೂ ಬರೀ ಬಾಗಿಲುಗಳನ್ನೇ ಒರಗಿಸಿಟ್ಟಿದ್ದೇವೆ. ಹಿಂದಿನ ಕೋಣೆಯಲ್ಲಿ ಒಂದು ಒಲೆ, ಒಂದಿಷ್ಟು ಲೋಟ, ಒಂದು ಬೆಂಚು. ಇವರು ಬಿಚ್ಚುತ್ತಾರೆ, ನಾನು ಮಾರುತ್ತೇನೆ. ಅಂಗಡಿಯಿಂದ ಹೊರಡುವ ಪ್ರತಿ ಸಾಮಾನಿಗೂ ಕಣ್ಣಿಗೆ ಬೀಳದ ಜಾಗದಲ್ಲಿ ಹಳದಿ ಬಣ್ಣದ ಒಂದು ಗೆರೆ ಎಳೆದು ಪಕ್ಕದಲ್ಲೊಂದು ಚುಕ್ಕೆ ಇಡುವುದೂ ನನ್ನದೇ ಕೆಲಸ. ಬೇರೆ ಅಂಗಡಿಯ ಕೆಟ್ಟ ಮಾಲನ್ನು ತಂದು "ನಿಮ್ಮದೇ ಇದು, ವಾಪಸ್ ತಗೊಳ್ಳಿ" ಅಂತ ಜಗಳಕ್ಕೆ ನಿಲ್ಲುವವರಿಗೇನು ಕಡಿಮೆಯೇ? ಗೆರೆ ಚುಕ್ಕೆ ಇದ್ದರೆ ನಮ್ಮದು, ಇಲ್ಲದಿದ್ದರೆ ದಾರಿ ನೋಡಿಕೋ.

ಊರಿನ ಅರ್ಧಕ್ಕರ್ಧ ವ್ಯಾಪಾರ ಓಡುವುದು ಒಂದೇ ಕಂಪನಿಯ ಪಿಕಪ್ಪಿನ ಮೇಲೆ. ಕಂಪನಿಯ ಹೆಸರು ಹೇಳುವುದಿಲ್ಲ, ನಾಳೆ ಆ ರಗಳೆ ಯಾರಿಗೆ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳಬೇಕು ಅಂತ ಬಂದವರಿಗೆಲ್ಲ ಇವರು ಹೇಳುತ್ತಿದ್ದುದು ನನಗೆ ಬಾಯಿಪಾಠ. ಹನ್ನೊಂದು, ಹನ್ನೆರಡನೇ ಇಸವಿಯದು ಸಿಕ್ಕರೆ ಬಿಡಬೇಡಿ. ಹದಿಮೂರು, ಹದಿನಾಲ್ಕು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಹದಿನೈದರ ಕೊನೆಯಿಂದ ಮತ್ತೆ ಪರವಾಗಿಲ್ಲ. ಗಾಡಿಯ ಅಡಿಯಲ್ಲಿ, ಇಡೀ ಮೈಯನ್ನು ಹೊತ್ತು ನಿಂತಿರುವ ಎರಡು ಉದ್ದನೆಯ ಕಬ್ಬಿಣದ ತೊಲೆಗಳಿಗೆ ಚಾಸಿ ಅನ್ನುತ್ತಾರೆ. ನಡುವಿನ ಆ ಸುಮಾರು ಮೂರು ವರ್ಷ ಕಂಪನಿಯವರು ಅದನ್ನು ಹಿಂದಿನ ಚಕ್ರದ ಮೇಲೆ ಬರುವಲ್ಲಿ ಮುಚ್ಚಿದ ಪೆಟ್ಟಿಗೆಯ ಹಾಗೆ ಮಾಡಿದ್ದರು. ಕೆಸರು ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗೆ ಕಪ್ಪು ಬಣ್ಣ ಲಕಲಕ ಅನ್ನುತ್ತಿರುತ್ತದೆ. ಒಂದು ದಿನ ಭಾರ ಹೇರಿಕೊಂಡು ಹೋಗುವಾಗ ಗಾಡಿ ನಡುವಿಗೇ ಕುಸಿಯುತ್ತದೆ. ನಮ್ಮ ಕಸುಬಿನಲ್ಲಿ ಅವಕ್ಕೆ ನಡುಮುರುಕ ಅಂತಲೇ ಹೆಸರು. ಹದಿನೈದರ ಕೊನೆಗೆ ಕಂಪನಿಗೆ ಬುದ್ಧಿ ಬಂತು, ಚಾಸಿ ಬದಲಾಯಿತು, ಬಾಗಿಲಿನೊಳಗೂ ಒಂದು ದಪ್ಪ ಪಟ್ಟಿ ಸೇರಿಸಿದರು. ಹಾಗಾಗಿ ಹಳೆಯದರ ಬಾಗಿಲು ಬಡಿದರೆ ಖಾಲಿ ಡಬ್ಬದ ಸದ್ದು, ಹೊಸದರದು ತುಂಬಿದ ಸದ್ದು. ನಾಟಕವನ್ನು ಪಕ್ಕಕ್ಕಿಟ್ಟರೆ ಇವರ ವಿದ್ಯೆ ಸುಳ್ಳಲ್ಲ.

ಆ ವಿದ್ಯೆಯಿಂದ ನನಗೂ ಒಂದು ಬೆಲೆ ಬಂದಿತ್ತು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ "ಜೋಯಿಸರ ಮನೆಯವರು, ಬನ್ನಿ, ಕೂತ್ಕೊಳ್ಳಿ" ಅಂತ ಯಾರಾದರೂ ಜಾಗ ಬಿಡುತ್ತಿದ್ದರು. ಲಾರಿ ಡ್ರೈವರ್‌ಗಳು, ಬ್ರೋಕರ್‌ಗಳು ನನ್ನನ್ನು ಕಂಡರೆ ಬೀಡಿ ಹಿಂದಕ್ಕೆ ಹಿಡಿಯುತ್ತಿದ್ದರು. ಇವರನ್ನು ಮನೆಯೊಳಗೆ ಎಷ್ಟೇ ಗೇಲಿ ಮಾಡಲಿ, ಹೊರಗೆ ಆ ಮರ್ಯಾದೆಯನ್ನು ನಾನು ಬೆಣ್ಣೆಯ ಹಾಗೆ ಸವಿಯುತ್ತಿದ್ದೆ.

ನನಗೊಬ್ಬ ತಮ್ಮ. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಅವನ ಕೆಲಸ. ಅವನ ಹೆಂಡತಿಯೂ ಜೊತೆಗೆ ಹೋಗುತ್ತಾಳೆ. ಲೋಟ ತಟ್ಟೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆ ತುಂಬುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಮಾತು ಕಡಿಮೆ. ಇಬ್ಬರೂ ಬಾಡಿಗೆ ಪಿಕಪ್ ಹಿಡಿದುಕೊಂಡು ದುಡಿಯುತ್ತಿದ್ದರು. ಈ ವರ್ಷ ಸ್ವಂತದ್ದೊಂದು ತಗೊಳ್ಳುವ ಧೈರ್ಯ ಮಾಡಿದರು. ಊರಾಚೆಯ ಒಬ್ಬ ಬ್ರೋಕರನ ಮೈದಾನದಲ್ಲಿ ಬಿಳಿ ಪಿಕಪ್ಪೊಂದು ಕಣ್ಣಿಗೆ ಬಿದ್ದಿತ್ತು. ಭಾವ ಬಂದು ಒಂದು ಸಲ ನೋಡಬೇಕು ಅಂತ ತಮ್ಮ ಕರೆಯಲು ಬಂದ. ನಾನೂ, ತಮ್ಮನ ಹೆಂಡತಿಯೂ ಜೊತೆಗೆ ಹೊರಟೆವು. ನಾಟಕ ನೋಡಲು ನನಗೂ ಇಷ್ಟ, ಸುಳ್ಳೇಕೆ ಹೇಳಲಿ.

ಇವರು ಮೈದಾನದೊಳಗೆ ಕಾಲಿಡುವುದೇ ತಡ, ಅಲ್ಲಿದ್ದವರೆಲ್ಲ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಇವರು ಬಾಗಿಲು ತೆರೆದರು, ಕಣ್ಣು ಮುಚ್ಚಿದರು, ಬಡಿದರು. ತುಂಬಿದ ಸದ್ದು ಬಂತು. ಆ ಬದಿಗೆ ಹೋಗಿ ಇನ್ನೊಂದನ್ನೂ ಬಡಿದರು.

"ಹದಿನೈದು. ವರ್ಷದ ಕೊನೆ."

ಬ್ರೋಕರ್ ಕಾಗದ ಬಿಚ್ಚಿ ಎಲ್ಲರಿಗೂ ಕಾಣುವಂತೆ ಹಿಡಿದ. ಹದಿನೈದರ ಕೊನೆಯೇ. ಜನ ಓ ಅಂದರು. ಬ್ರೋಕರ್ ಇವರ ಕೈ ಕುಲುಕಿದ. ನನ್ನ ತಮ್ಮ ಮಾತ್ರ ಬಗ್ಗಿ ಗಾಡಿಯ ಅಡಿ ನೋಡುತ್ತಿದ್ದ.

"ಭಾವ, ಇಲ್ಲೇ ಸರ್ವಿಸ್ ಸ್ಟೇಷನ್ ಇದೆ. ಗುಂಡಿ ಮೇಲೆ ನಿಲ್ಸಿ ಚಾಸಿ ನಂಬರ್ ಒಂದು ನೋಡ್ಬಿಡೋಣ್ವಾ? ತಯಾರಾದ ವರ್ಷ ಆ ನಂಬರಲ್ಲೇ ಇರುತ್ತೆ, ಕಾಗದದಲ್ಲಿರೋದು ನೋಂದಣಿ ವರ್ಷ ಅಲ್ವಾ. ಶೋರೂಮಲ್ಲಿ ಮಾರಾಟ ಆಗ್ದೆ ನಿಂತಿದ್ದ ಗಾಡೀನೂ ಇರ್ತವೆ ಅಂತ ನೀವೇ ಹೇಳ್ತಿದ್ರಿ."

ಇವರ ಮುಖ ಸಣ್ಣದಾಯಿತು. ಕರ್ಚೀಫಿನಿಂದ ಕೈ ಒರೆಸಿಕೊಂಡರು. ಸುತ್ತ ನಿಂತವರಲ್ಲಿ ಒಬ್ಬ ಕಿಸಕ್ಕೆಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಏನೋ, ಊರಿಗೆಲ್ಲ ಹೇಳಿ ಕೊಡೋರಿಗೆ ನೀನು ಪಾಠ ಹೇಳ್ತೀಯಾ?" ಅಂದೆ. "ಭಾವನ ಮಾತಿನ ಮೇಲೆ ನಂಬಿಕೆ ಇಲ್ದಿದ್ರೆ ಕರ್ಕೊಂಡು ಬಂದಿದ್ದಾದ್ರೂ ಯಾಕೆ? ಗುಂಡೀನೇ ಸಾಕಿತ್ತಲ್ಲ ನಿಂಗೆ."

ಅಷ್ಟು ಜನರ ಎದುರಿಗೆ, ಅವನ ಹೆಂಡತಿಯ ಎದುರಿಗೆ ಹಾಗೆ ಅಂದೆ. ತಮ್ಮನ ಕಿವಿ ಕೆಂಪಾಯಿತು. "ಹಾಗಲ್ಲ ಅಕ್ಕ, ತಪ್ಪಾಯ್ತು" ಅಂದ. ಅವತ್ತೇ ಗಾಡಿ ಕೊಂಡ.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ತಮ್ಮನಿಗೆ ಬಿಡುವಿಲ್ಲದಷ್ಟು ಕೆಲಸ. ಆಮೇಲೊಂದು ಮಧ್ಯಾಹ್ನ, ಇವರು ಯಾವುದೋ ಅಪಘಾತದ ಗಾಡಿ ನೋಡಲು ಹೋಗಿದ್ದಾಗ, ತಮ್ಮ ಪಿಕಪ್ಪನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಹಿಂದೆ ಒಂದು ಫ್ರಿಜ್ಜು, ಒಂದು ಕಬ್ಬಿಣದ ಬೀರು, ಹಗ್ಗ ಬಿಗಿದು ನಿಂತಿದ್ದವು.

"ಬಾಗಿಲ ಬೀಡಿಂಗ್ ಕಿತ್ತು ಬರ್ತಿದೆ ಅಕ್ಕ. ಹೊಸದು ಹಾಕ್ಕೊಡು" ಅಂದ. ಬಾಗಿಲಿನ ಅಂಚಿಗೆ ಸುತ್ತ ಇರುವ ರಬ್ಬರಿನ ಪಟ್ಟಿ ಅದು.

"ನೀನೇ ಹಾಕ್ಕೊಳ್ಳೋ. ನಿಂಗೇನು ಬರಲ್ವಾ?"

"ನೀನೇ ಹಾಕು. ನಿನ್ನ ಕೈಯಲ್ಲಿ ಚೆನ್ನಾಗಿ ಕೂರುತ್ತೆ."

ಅವನಿಗೆ ಟೀ ಕೊಟ್ಟು ಬೀಡಿಂಗ್ ಕಿತ್ತೆ. ಕಿತ್ತ ಜಾಗದಲ್ಲಿ, ತಗಡಿನ ಮಡಿಕೆಯೊಳಗೆ, ಹಳದಿ ಗೆರೆ ಕಂಡಿತು. ಪಕ್ಕದಲ್ಲಿ ಚುಕ್ಕೆ. ಚುಕ್ಕೆ ಇಡುವಾಗ ನನ್ನ ಬ್ರಷ್ ಸ್ವಲ್ಪ ಎಡಕ್ಕೆ ಜಾರುತ್ತದೆ, ಅದೂ ಹಾಗೇ ಇತ್ತು. ಅದು ನನ್ನ ಕೈ. ಬೇರೆ ಯಾರದೂ ಅಲ್ಲ.

ಆ ಬದಿಯ ಬಾಗಿಲಿನ ಬೀಡಿಂಗನ್ನೂ ಸ್ವಲ್ಪ ಎತ್ತಿ ನೋಡಿದೆ. ಅಲ್ಲೂ ಗೆರೆ, ಅಲ್ಲೂ ಚುಕ್ಕೆ. ಹದಿನೈದರ ಕೊನೆಯ ಗಾಡಿಯೊಂದನ್ನು ಬಿಚ್ಚಿದಾಗ ಅದರ ಎರಡೂ ಬಾಗಿಲನ್ನು ಗಾಡಿಗಳ ತಗಡು ರಿಪೇರಿ ಮಾಡುವ ಒಬ್ಬ ಟಿಂಕರ್ ಒಟ್ಟಿಗೆ ತಗೊಂಡು ಹೋಗಿದ್ದು ನೆನಪಾಯಿತು. ಅವನು ಅವನ್ನು ಯಾವ ಗಾಡಿಗೆ ಹಾಕಿದ್ದ ಅಂತ ಈಗ ಗೊತ್ತಾಯಿತು. ನನ್ನ ಗಂಡ ಕಣ್ಣು ಮುಚ್ಚಿ, ಊರೆಲ್ಲ ನೋಡುವಂತೆ ಬಡಿದದ್ದು ನಮ್ಮದೇ ಅಂಗಡಿಯ ಬಾಗಿಲನ್ನು. ಸದ್ದು ಸರಿಯಾಗಿಯೇ ಹೇಳಿತ್ತು. ಹೇಳಿದ್ದು ಬಾಗಿಲಿನ ವರ್ಷ, ಗಾಡಿಯದಲ್ಲ. ಕಾಗದ ಹೇಳಿದ್ದು, ತಮ್ಮ ಅಂದ ಹಾಗೆ, ಬರೀ ನೋಂದಣಿಯ ವರ್ಷ. ಬೇರೆ ಊರಿನ ಗಾಡಿ ಜೋಯಿಸ ಯಾರಾದರೂ ಬಂದಿದ್ದರೆ ಹೊಸ ಸ್ಕ್ರೂ ಇದೆಯಾ, ಬಾಗಿಲಿನ ಬಿಳಿ ಮೈಯ ಬಿಳಿಗೆ ಹೊಂದುತ್ತದಾ ಅಂತ ನೋಡುತ್ತಿದ್ದ. ಇವರಿಗೆ ಕಣ್ಣು ಮುಚ್ಚಬೇಕಿತ್ತಲ್ಲ.

"ಕ್ಲಿಪ್ ಬಿತ್ತು" ಅಂತ ಸುಳ್ಳು ಹೇಳಿ ಗಾಡಿಯ ಅಡಿಗೆ ಬಗ್ಗಿದೆ. ಹಿಂದಿನ ಚಕ್ರದ ಹತ್ತಿರ ಚಾಸಿಯನ್ನು ಸ್ಪ್ಯಾನರಿನಿಂದ ತಟ್ಟಿದೆ. ಕಬ್ಬಿಣದ ಸದ್ದು ಬರಲಿಲ್ಲ. ರಟ್ಟನ್ನು ತಟ್ಟಿದ ಹಾಗಿತ್ತು. ಒಳಗಿನಿಂದ ತುಕ್ಕಿನ ಹಪ್ಪಳ ಉದುರಿ ನನ್ನ ಕಣ್ಣಿಗೆ ಬಿತ್ತು.

"ಏನಾಯ್ತು ಅಕ್ಕ?"

"ಏನಿಲ್ಲ ಕಣೋ, ಧೂಳು."

ಕಣ್ಣು ಉಜ್ಜಿಕೊಂಡು ಎದ್ದೆ. ತಮ್ಮ ಖಾಲಿ ಲೋಟ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಹೇಳಿಬಿಡಬೇಕಿತ್ತು. ಒಂದು ವಾಕ್ಯ ಅಷ್ಟೆ. ನಡುಮುರುಕ ಕಣೋ ಇದು, ಇಳಿಸು ಆ ಬೀರುವನ್ನ. ಬಾಯಿವರೆಗೂ ಬಂದ ಮಾತಿಗೆ ಅಡ್ಡ ನಿಂತದ್ದು ಆ ಮೈದಾನ, ಕಿಸಕ್ಕೆಂದವನು, ನಾನು ತಮ್ಮನಿಗೆ ಹಾಕಿದ ಛೀಮಾರಿ. ಮೊದಲು ಇವರಿಗೆ ಹೇಳೋಣ, ಇವರೇ ಏನಾದರೊಂದು ದಾರಿ ಮಾಡುತ್ತಾರೆ, ಇವತ್ತೊಂದು ದಿನಕ್ಕೆ ಏನಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಹೊಸ ಬೀಡಿಂಗ್ ಒತ್ತಿ ಕೂರಿಸಿ ಹಳದಿ ಗುರುತನ್ನು ಮುಚ್ಚಿದೆ.

"ಎಲ್ಲಾ ಸರಿ ಇದೆಯಾ? ಹೊರಡ್ಲಾ?" ಅಂತ ತಮ್ಮ ಕೇಳಿದ.

"ಹೊರಡು" ಅಂದೆ.

ಗಾಡಿ ತಿರುವು ದಾಟುವವರೆಗೆ ನಿಂತು ನೋಡಿದೆ. ಆಮೇಲೆ ಸಂಜೆವರೆಗೆ ರಸ್ತೆಯಲ್ಲಿ ಏನು ಸದ್ದಾದರೂ ಎದ್ದು ಹೊರಗೆ ಬರುತ್ತಿದ್ದೆ. ತಮ್ಮನಿಗೆ ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳಿದೆ. ಯಾವತ್ತೂ ಹಾಗೆ ಕೇಳಿದವಳಲ್ಲ.

ಇವರು ಬಂದಾಗ ಹೇಳಿದೆ. ಮೊದಲು ನಂಬಲಿಲ್ಲ. "ಹಳದಿ ಬಣ್ಣ ಊರಲ್ಲಿ ನಿನ್ನೊಬ್ಬಳ ಹತ್ರಾನೇ ಇರೋದಾ?" ಅಂತ ರೇಗಿದರು. ಟಿಂಕರನ ವಿಷಯ ಹೇಳಿದ ಮೇಲೆ ರೇಗುವುದು ನಿಂತಿತು. ಗೋಡೆಗೆ ಒರಗಿಸಿದ ಬಾಗಿಲುಗಳನ್ನು ನೋಡುತ್ತಾ ತುಂಬ ಹೊತ್ತು ಕೂತರು. ಅಷ್ಟು ವರ್ಷದಲ್ಲಿ ಅವರು ಹಾಗೆ ಕುಗ್ಗಿ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಅಯ್ಯೋ ಅನ್ನಿಸಿತು, ಜೊತೆಗೇ ಸಿಟ್ಟೂ ಬಂತು.

"ಅವನಿಗೆ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ನಾನೇ ಏನಾದ್ರೂ ನೆಪ ಹೇಳಿ ಕರೆಸ್ತೀನಿ. ಅಡಿಗೆ ಎರಡು ಪ್ಲೇಟು ವೆಲ್ಡಿಂಗ್ ಮಾಡಿಸಿದ್ರೆ ಆಯ್ತು. ಯಾರಿಗೂ ಗೊತ್ತಾಗೋದು ಬೇಡ."

"ಕೊಳೆತದ್ದಕ್ಕೆ ವೆಲ್ಡಿಂಗ್ ಹಿಡಿಯಲ್ಲ ಅಂತ ನೀವೇ ಜನಕ್ಕೆ ಹೇಳ್ತೀರಲ್ಲ."

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ಏನಪ್ಪಾ, ಗಾಡಿ ತಗೊಂಡು ಬಾ. ಸುಮ್ನೆ ಒಂದು ಸಲ ಅಡಿ ನೋಡೋಣ."

"ನೀವು ನೋಡಿ ಕೊಡಿಸಿದ್ದು ಭಾವ, ಮತ್ತೆ ನೋಡೋದೇನಿದೆ?" ಅಂದ ತಮ್ಮ. ಧ್ವನಿಯಲ್ಲಿ ಕೊಂಕು ಇರಲಿಲ್ಲ. "ತಿಂಗಳ ಕೊನೆ, ಎಲ್ಲರೂ ಈಗ್ಲೇ ಮನೆ ಬದಲಿಸ್ತಾರೆ. ಒಪ್ಕೊಂಡ ಕೆಲಸ ಮುಗಿಸಿ ಬರ್ತೀನಿ."

ಆಮೇಲಿನ ದಿನಗಳು ನೆನೆದರೆ ನಗುವೂ ಬರುತ್ತದೆ, ಮುಖ ಮುಚ್ಚಿಕೊಳ್ಳಬೇಕು ಅಂತಲೂ ಅನ್ನಿಸುತ್ತದೆ. ಇವರು ಸ್ಕೂಟರ್ ಹತ್ತಿ ತಮ್ಮನ ಪಿಕಪ್ಪಿನ ಹಿಂದೆ ಹಿಂದೆ ಸುತ್ತತೊಡಗಿದರು. ತಮ್ಮ ಯಾವುದೋ ಮನೆಯ ಮುಂದೆ ಮಂಚ ಇಳಿಸುತ್ತಿದ್ದರೆ, ಇವರು ಎದುರಿನ ಅಂಗಡಿಯಲ್ಲಿ ಬೇಡದ ಬ್ಯಾಟರಿಯೋ ಸಾಬೂನೋ ಕೊಳ್ಳುತ್ತಾ ನಿಲ್ಲುವುದು. ಕಣ್ಣಿಗೆ ಬಿದ್ದರೆ, "ಹೀಗೇ ಈ ಕಡೆ ಬಂದಿದ್ದೆ. ಭಾರ ಜಾಸ್ತಿ ಹೇರ್ಬೇಡಪ್ಪಾ, ಟಯರ್ ಸವೆಯುತ್ತೆ" ಅನ್ನುವುದು. ನಮ್ಮ ಅಲಮಾರಿಯಲ್ಲಿ ಸಾಬೂನು ಗುಡ್ಡೆಯಾಯಿತು. ಬೀದಿಯಲ್ಲಿ ಯಾರಾದರೂ "ಜೋಯಿಸರೇ, ಯಾವ ವರ್ಷದ್ದು ತಗೊಳ್ಳಲಿ?" ಅಂತ ಕೇಳಿದರೆ, "ಎಲ್ಲಾ ಒಂದೇ, ಹೋಗ್ರಯ್ಯ" ಅಂತ ಸಿಡುಕುತ್ತಿದ್ದರು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಪ್ರತಿ ಸಂಜೆ "ನಾಳೆ ಹೇಳ್ತೀನಿ" ಅನ್ನುವುದು, ಬೆಳಿಗ್ಗೆ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವುದು. ನಾನು ಅವರ ಮೇಲೆ ಹಾರಾಡಿದೆ. "ನನ್ನ ಒಡಹುಟ್ಟಿದವನು ರೀ ಅವನು. ನಿಮ್ಮ ಮರ್ಯಾದೆಗೆ ಅವನ ಜೀವ ಅಡ ಇಡ್ತೀರಾ?" ಅಂದೆ. ಹಾಗೆ ಅಂದವಳ ಕೈಯಲ್ಲೂ ಒಂದು ಫೋನ್ ಇತ್ತಲ್ಲ. ತಮ್ಮನ ನಂಬರ್ ಒತ್ತಿದಾಗಲೆಲ್ಲ ನನ್ನ ಬಾಯಿಂದ ಬಂದದ್ದು "ಊಟ ಆಯ್ತಾ" ಅಷ್ಟೇ.

ಆ ದಿನಗಳಲ್ಲೇ ಒಮ್ಮೆ ಬಸ್ ಸ್ಟಾಪಿನಲ್ಲಿ ತಮ್ಮನ ಹೆಂಡತಿ ಕಂಡಳು. ಎರಡೂ ಕೈಯಲ್ಲಿ ಹಳೇ ಪೇಪರಿನ ಕಟ್ಟು. ಕೆಲಸಕ್ಕೇ ಹೊರಟಿದ್ದಳು. ಸ್ವಂತ ಗಾಡಿ ಇಟ್ಟುಕೊಂಡು ಬಸ್ಸೇಕೆ ಅಂತ ಕೇಳಿದೆ. "ಇವರು ಬೇಡ ಅಂದ್ರು" ಅಂದಳು, ಬೇರೇನೂ ಹೇಳಲಿಲ್ಲ. ಗಂಡ ಹೆಂಡತಿ ಮುನಿಸಿಕೊಂಡಿರಬೇಕು ಅಂದುಕೊಂಡು ನಾನು ಮುಂದೆ ನಡೆದೆ. ದಡ್ಡಿ ಅಂದರೆ ನನ್ನಂಥವಳು.

ಆ ತಿಂಗಳು ಮುಗಿದ ಮೇಲೆ ತಮ್ಮ ಮಾತಿನಂತೆ ಗಾಡಿ ತಂದ. ಅವನ ಹೆಂಡತಿ ಹಿಂದಿನಿಂದ ಬಸ್ಸಿನಲ್ಲಿ ಬಂದಳು. ಇವರು ಜಾಕ್ ತೆಗೆದಿಟ್ಟು, ವೆಲ್ಡಿಂಗಿನವನಿಗೆ ಹೇಳಿ ಕಾಯುತ್ತಿದ್ದರು. ಅದೇ ಹೊತ್ತಿಗೆ ಬೇಕರಿಯವನು ಬಂದ. ನಮ್ಮ ಬೀದಿಯ ತುದಿಯಲ್ಲಿ ಬೇಕರಿ ಇಟ್ಟುಕೊಂಡಿರುವ ದಪ್ಪ ಮನುಷ್ಯ, ಜೊತೆಗೆ ಪಕ್ಕದ ಗ್ಯಾರೇಜಿನವರು ಒಂದಿಬ್ಬರು.

"ಜೋಯಿಸರೇ, ಬ್ರೆಡ್ ಸಾಗಿಸೋಕೆ ನಂಗೂ ಒಂದು ಪಿಕಪ್ ಬೇಕು" ಅಂದ. "ನಿಮ್ಮ ಬಾಮೈದನಿಗೆ ಕೊಟ್ಟ ಬ್ರೋಕರ್ ಹತ್ರ ಇದರ ಜೊತೆದೇ ಇನ್ನೊಂದಿದೆಯಂತೆ. ಇದು ಹೇಗೋ ಅದೂ ಹಾಗೇ ಅಂತಾನೆ. ಇದರ ಬಾಗಿಲು ಒಂದ್ಸಲ ನನ್ನ ಮುಂದೆ ಬಡಿದು ಹೇಳಿ. ಸದ್ದು ಕೇಳ್ಕೊಂಡು ಹೋಗಿ ಅದಕ್ಕೂ ಬಡಿದು ನೋಡ್ತೀನಿ."

ಗ್ಯಾರೇಜಿನವರು ನಕ್ಕು ಹತ್ತಿರ ಬಂದರು. ಇವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಇವರು ನಿಧಾನವಾಗಿ ಹೋಗಿ ಬಾಗಿಲಿನ ಹಿಡಿಕೆ ಹಿಡಿದುಕೊಂಡರು. ತೆರೆಯಲಿಲ್ಲ. ಹಣೆಯ ಮೇಲೆ ಬೆವರು. ಬೇಕರಿಯವನು "ಹೂಂ, ಆಗ್ಲಿ" ಅಂದ.

ಆಗ ನನ್ನ ತಮ್ಮ ಮುಂದೆ ಬಂದ. "ಇವತ್ತು ಬೇಡಣ್ಣ. ಭಾವನಿಗೆ ಎರಡು ದಿನದಿಂದ ಕಿವಿನೋವು. ಕಿವೀಲಿ ಹತ್ತಿ ಇಟ್ಕೊಂಡು ಓಡಾಡ್ತಿದ್ದಾರೆ. ಇನ್ನೊಂದಿನ ಬನ್ನಿ" ಅಂದ.

ಇವರ ಕಿವಿಯಲ್ಲಿ ಹತ್ತಿ ಇರಲಿಲ್ಲ. ನೋವೂ ಇರಲಿಲ್ಲ. ತಮ್ಮ ಇವರನ್ನು ಕಾಪಾಡುತ್ತಿದ್ದಾನೆ ಅಂತ ನನಗೆ ಅರ್ಥವಾಯಿತು. ಕಾಪಾಡಬೇಕಾದರೆ ಅವನಿಗೆ ಗೊತ್ತಿರಬೇಕು. ಬಸ್ ಸ್ಟಾಪಿನ ಪೇಪರ್ ಕಟ್ಟು ಆಗ ನನ್ನ ತಲೆಗೆ ಹೋಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇವರಿಗೂ ಅರ್ಥವಾಗಿತ್ತು. ಹಿಡಿಕೆ ಬಿಟ್ಟು ತಮ್ಮನ ಮುಖವನ್ನೇ ನೋಡಿದರು. ಆಮೇಲೆ ಬೇಕರಿಯವನ ಕಡೆ ತಿರುಗಿದರು.

"ಕಿವಿ ಚೆನ್ನಾಗೇ ಇದೆ. ಇದರ ಬಾಗಿಲು ಹದಿನೈದರದು, ನಮ್ಮ ಅಂಗಡೀದೇ. ಗಾಡಿ ಹಳೇದು. ನಡುಮುರುಕ. ಹದಿನೈದು ಅಂತ ನಾನೇ ಎಲ್ಲರ ಮುಂದೆ ಹೇಳಿ ಇವನಿಗೆ ಕಟ್ಟಿದೆ. ಚಾಸಿ ನಂಬರ್ ನೋಡೋಣ ಅಂತ ಇವನು ಹೇಳ್ದ, ನಾನು ನೋಡ್ಲಿಲ್ಲ. ನೀನು ಆ ಗಾಡಿ ತಗೋಬೇಡ. ಯಾರ ಮಾತೂ ಕೇಳ್ಬೇಡ, ನನ್ನದೂ ಸೇರಿಸಿ. ಅಡಿಗೆ ಹೋಗಿ ನಂಬರ್ ನೋಡು."

"ಬಿಡಿ ಭಾವ" ಅಂದ ತಮ್ಮ.

"ಬಿಡೋದೇನು ಬಿಡೋದು. ಗೊತ್ತಾದ ಮೇಲೂ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

ಬೇಕರಿಯವನು ಬಾಯಿ ತೆರೆದುಕೊಂಡು ನಿಂತ. ಗ್ಯಾರೇಜಿನವರಲ್ಲಿ ಒಬ್ಬ, "ಜೋಯಿಸರಿಗೇ ಗ್ರಹಚಾರ ಕೆಟ್ಟಿತಲ್ಲಪ್ಪೋ!" ಅಂತ ಗಟ್ಟಿಯಾಗಿ ನಕ್ಕ. ಇನ್ನೊಬ್ಬ ಆ ಬಾಗಿಲು ತೆರೆದು, ಕಣ್ಣು ಮುಚ್ಚಿ, ಇವರ ಹಾಗೆಯೇ ಬಡಿದು ಅಣಕಿಸಿದ. ಇವರು ಅದನ್ನೂ ನಿಂತು ನೋಡಿದರು. ಅವರೆಲ್ಲ ಹೋದ ಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಜಾಕ್ ಎತ್ತಿಕೊಂಡು ಗಾಡಿಯ ಅಡಿಗೆ ತೂರಿದರು. ವೆಲ್ಡಿಂಗಿನವನನ್ನು ಬರಬೇಡ ಅಂದರು. ಹಿತ್ತಲಿನಲ್ಲಿ ಹನ್ನೆರಡರದೊಂದು ಚಾಸಿ ಇದೆ, ಆರ್‌ಟಿಒ ಕಚೇರಿಯಲ್ಲಿ ಬರೆಸಿ ಒಪ್ಪಿಗೆ ತಗೊಂಡು ಅದನ್ನೇ ಹಾಕಿಕೊಡುತ್ತೇನೆ, ಅಲ್ಲಿಯವರೆಗೆ ಬಾಡಿಗೆ ಗಾಡಿ ನಾನು ಹಿಡಿದು ಕೊಡುತ್ತೇನೆ ಅಂತ ಅಡಿಯಿಂದಲೇ ಹೇಳಿದರು. ಬೆನ್ನು ನೆಲಕ್ಕೆ ಹಾಕಿ ಮಲಗಿದ ಆ ಮನುಷ್ಯನನ್ನು ನೋಡಿ, ಮದುವೆಯಾದ ಮೇಲೆ ಮೊದಲ ಸಲ, ಗೇಲಿ ಮಾಡಲು ನನಗೆ ಏನೂ ತೋಚಲಿಲ್ಲ.

ನಾನು ಹಿಂದಿನ ಕೋಣೆಗೆ ಹೋಗಿ ಒಲೆ ಹಚ್ಚಿದೆ. ತಮ್ಮ ಬಂದು ಬೆಂಚಿನ ಮೇಲೆ ಕೂತ.

"ಯಾವಾಗ ಗೊತ್ತಾಯ್ತೋ ನಿಂಗೆ?"

"ತಗೊಂಡ ವಾರಾನೇ. ಟಯರ್ ಪಂಕ್ಚರ್ ಆಗಿತ್ತು, ಬದಲಿಸೋವಾಗ ನೋಡ್ದೆ. ಅವತ್ತಿಂದ ಅವಳನ್ನ ಹತ್ತಿಸ್ಲಿಲ್ಲ. ಅರ್ಧರ್ಧ ಭಾರ ಹಾಕಿ ನಿಧಾನವಾಗಿ ಹೋಗ್ತಿದ್ದೆ."

"ನಮಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಅವತ್ತು ಅಷ್ಟು ಜನರ ಮುಂದೆ ನೀನು ಅಂದ ಮೇಲೆ, ನಾನು ಬಂದು ನೋಡಿದ್ರಾ ನಾನು ಹೇಳಿರ್ಲಿಲ್ವಾ ಅಂದ ಹಾಗಾಗ್ತಿತ್ತು. ಭಾವ ತಡ್ಕೊಳ್ತಿರ್ಲಿಲ್ಲ." ಅವನು ಬೆಂಚಿನ ಮೇಲಿದ್ದ ಸ್ಪ್ಯಾನರ್ ಕೈಗೆತ್ತಿಕೊಂಡ. "ಬೀಡಿಂಗ್ ಕಿತ್ತು ಬರ್ತಿರ್ಲಿಲ್ಲ ಅಕ್ಕ. ನಾನೇ ಎಳೆದಿದ್ದು. ಒಳಗೆ ನಿನ್ನ ಗುರುತು ಕಂಡಿತ್ತು. ನಿಂಗೆ ತೋರಿಸಿದ್ರೆ, ನೀನೇ ಭಾವನಿಗೆ ನಯವಾಗಿ ಹೇಳ್ತೀಯ ಅಂದ್ಕೊಂಡೆ."

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಆರಿಸಲಿಲ್ಲ.

"ನೀನು ಬಗ್ಗಿ ತಟ್ಟಿದ್ದೂ ನೋಡ್ದೆ. ನಿನ್ನ ಕೂದಲಲ್ಲಿ ತುಕ್ಕಿತ್ತು. ಅದಕ್ಕೇ ಕೇಳ್ದೆ, ಹೊರಡ್ಲಾ ಅಂತ." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಹೇಳಿ ಜಗಳವಾಡಿ ಹಗುರಾಗುತ್ತಿದ್ದೆ. "ನೀನು ಹೊರಡು ಅಂದೆ. ಆ ಬೀರು ಹೊತ್ಕೊಂಡು ಹೋಗೋವಾಗ ದಾರಿಯುದ್ದಕ್ಕೂ ನಂಗೆ ಗಾಡಿ ಯೋಚನೆ ಬರ್ಲಿಲ್ಲ ಅಕ್ಕ, ನಿನ್ನದೇ ಬಂತು."

ಇಷ್ಟು ಹೇಳಿ ಅವನು ಎದ್ದು, ಭಾವನಿಗೆ ಸ್ಪ್ಯಾನರ್ ಕೊಡಲು ಹೊರಗೆ ಹೋದ. ನಿನ್ನ ಭಾವನ ಮರ್ಯಾದೆಗಾಗಿ ಸುಮ್ಮನಿದ್ದೆ ಅಂತ ಕೂಗಿ ಹೇಳಬಹುದಿತ್ತು. ಆ ಮರ್ಯಾದೆಯನ್ನು ಅವರು ಈಗಷ್ಟೇ ತಾವಾಗಿಯೇ ಬೀದಿಗೆ ಎಸೆದಿದ್ದರು. ನಾನು ಕಾಪಾಡಿಕೊಂಡಿದ್ದು ನನ್ನ ಮರ್ಯಾದೆಯನ್ನು. ತಮ್ಮನ ಹೆಂಡತಿ ಒಳಗೆ ಬಂದು, ಒಲೆ ಆರಿಸಿ, ಚೆಲ್ಲಿದ ಹಾಲನ್ನು ಒರೆಸತೊಡಗಿದಳು. ಬಿಡು, ನಾನು ಒರೆಸುತ್ತೇನೆ ಅಂತ ಹೇಳಲು ಹೋದೆ, ಅವಳು ನನ್ನ ಮುಖ ನೋಡಲಿಲ್ಲ.